ಓದದೆ ಬಿಟ್ಟ ಸಾಲು

ದನ ಮೇಯುವ ಹುಲ್ಲುಗಾವಲಾದ ಕಾವಲಿನ ಕಡೆಯಿಂದ ನಮ್ಮ ಚಳ್ಳಕೆರೆಯ ಮನೆಗೆ ವಾರಕ್ಕೊಮ್ಮೆ ಬೆಣ್ಣೆ ತರುತ್ತಿದ್ದ ಹೆಂಗಸು ಕಾಗದ ಕಂಡರೆ ಹೆದರುತ್ತಿದ್ದಳು. ಆ ವರ್ಷ ನನ್ನ ನಾದಿನಿಯ ಮಗಳು ಮನಶ್ಶಾಸ್ತ್ರದ ಸಂಶೋಧನೆಗೆಂದು ಬಂದು ನಮ್ಮಲ್ಲೇ ಉಳಿದಿದ್ದಳು. ಹಳ್ಳಿ ಹೆಂಗಸರ ಮನಸ್ಸಿನ ಕಷ್ಟಗಳ ಬಗ್ಗೆ ಅವಳ ಅಧ್ಯಯನ. ಬೆಣ್ಣೆಯವಳನ್ನೂ ಮಾತಾಡಿಸಬೇಕೆಂದಳು; ಒಪ್ಪಿಗೆ ಪತ್ರ ಮಾತ್ರ ಇಂಗ್ಲಿಷಿನಲ್ಲಿತ್ತು. ನಾನು ಕಾನ್ವೆಂಟಿನಲ್ಲಿ ಓದಿದವಳು, ಅದಕ್ಕೆ ನಾನೇ ಅದನ್ನು ಅವಳಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ.

"ಹೆಬ್ಬೆಟ್ಟು ಯಾಕ್ರೀ ಅಕ್ಕಾ? ಕಾವಲಿನಾಗೂ ಹಿಂಗೇ ಮೊದ್ಲು ಕಾಗದ ಬಂತು, ಆಮೇಲೆ ಮೇವಿನ ಜಾಗಕ್ಕೆ ಬೇಲಿ ಬಂತು. ನನ್ನತ್ರ ಇರೋವು ಎರಡೇ ಎಮ್ಮೆ. ಅವಕ್ಕೂ ಬೇಲಿ ಹಾಕ್ತಾರಾ?"

"ಬರೀ ಮಾತು ಕಣವ್ವ. ನಿನ್ನ ಹೆಸರು ಎಲ್ಲೂ ಬರಲ್ಲ."

ಕೊನೆಯಲ್ಲಿ ಇನ್ನೊಂದು ಸಾಲಿತ್ತು. ಬೇಡವೆನಿಸಿದರೆ ಹದಿನೈದು ದಿನದೊಳಗೆ ಹೇಳಿದ್ದನ್ನೆಲ್ಲ ಹಿಂದಕ್ಕೆ ಪಡೆಯಬಹುದು ಎಂದು. ಹುಡುಗಿ ಆಗ ಒಳಗಿದ್ದಳು; ಅದನ್ನು ನಾನು ಓದಲಿಲ್ಲ. ಕೇಳಿದರೆ ಅವಳು ಎದ್ದೇ ಹೋಗುತ್ತಾಳೆ, ಹುಡುಗಿಯ ಕೆಲಸ ಕೆಡುತ್ತದೆ ಎಂದುಕೊಂಡೆ.

ಅವಳು ಒತ್ತಿದಳು. ನಮ್ಮ ಗೋಡೆಗೆ ತಾಗಬಾರದೆಂದು ಬೆರಳಿನ ಮಸಿಯನ್ನು ಸೆರಗಿನ ಒಳಮಗ್ಗುಲಿಗೆ ಒರೆಸಿಕೊಂಡಳು. ಆಮೇಲೆ ಒಂದು ಗಂಟೆ ಹುಡುಗಿಯ ಮುಂದೆ ಕೂತು, ಕೊಂಡ್ಲಹಳ್ಳಿಗೆ ಕೊಟ್ಟ ಮಗಳ ವಿಷಯ ಹೇಳಿದಳು. ಏನು ಹೇಳಿದಳೆಂದು ಇಲ್ಲಿ ಬರೆಯುವುದಿಲ್ಲ. ಬೀಗರ ಕಿವಿಗೆ ಬಿದ್ದರೆ ಮಗಳು ಆ ಮನೆಯಲ್ಲಿ ಬಾಳುವಂತಿರಲಿಲ್ಲ, ಅಷ್ಟೇ.

ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ, ಬೆಣ್ಣೆಯಿಲ್ಲದೆ ಬಂದು ಬಾಗಿಲಲ್ಲೇ ನಿಂತಳು.

"ಅಕ್ಕಾ, ಅವತ್ತು ಆಡಿದ ಮಾತು ವಾಪಸ್ ಕೊಡಿಸ್ರಿ. ಮಗಳ ಸಂಸಾರ ಐತೆ. ಭಯ ಆಗ್ತೈತೆ."

ಅವಳೆದುರೇ ಫೋನ್ ಮಾಡಿದೆ.

"ಪ್ರಬಂಧ ಒಪ್ಪಿಸಿ ಆಯ್ತಲ್ಲ ಅತ್ತೆ," ಎಂದಳು ಹುಡುಗಿ. "ಹದಿನೈದು ದಿನ ಅಂತ ಇತ್ತು, ನೀವೇ ಓದಿ ಹೇಳಿದ್ರಿ. ಆದ್ರೂ ಹೆಸರೇನೂ ಹಾಕಿಲ್ಲ. ಕೊಂಡ್ಲಹಳ್ಳಿಗೆ ಮಗಳನ್ನ ಕೊಟ್ಟ, ಕಾವಲಿನ ಕಡೆಯಿಂದ ಬೆಣ್ಣೆ ಮಾರೋ ಹೆಂಗಸು ಅಂತ ಬರ್ದಿದೀನಿ, ಅಷ್ಟೇ."

ಅಷ್ಟೇ! ಹೆಸರೊಂದನ್ನು ಬಿಟ್ಟು ಇನ್ನೇನು ಉಳಿಯಿತು?

ಫೋನ್ ಇಟ್ಟು, ಆ ಸಾಲಿನ ವಿಷಯ ಅವಳಿಗೆ ಹೇಳಿದೆ. ಓದದೆ ಬಿಟ್ಟವಳು ನಾನೇ ಎಂದೂ ಹೇಳಿದೆ. ಅವಳು ಬೈಯಲಿಲ್ಲ.

"ನಂಗೆ ಓದಾಕೆ ಬರಲ್ಲ ಅಂತ ಹೆಬ್ಬೆಟ್ಟು ಒತ್ತಿಸಿದ್ರಿ. ನಿಮಗೆ ಬರ್ತಿತ್ತಲ್ರೀ?"

ನಮ್ಮಲ್ಲಿ ಬಿಟ್ಟಿದ್ದ ಬೆಣ್ಣೆಯ ಬೋಗುಣಿ ತೆಗೆದುಕೊಂಡು ಹೋದಳು. ಈಗ ಪಕ್ಕದ ಮನೆಗೆ ಕೊಡುತ್ತಾಳೆ. ನಮ್ಮ ಮನೆಗೆ ಯಾಕೆ ನಿಲ್ಲಿಸಿದಳೆಂದು ಅವರು ಕೇಳಿದ್ದಕ್ಕೆ, "ಎಮ್ಮೆ ಹಾಲು ಕಡಿಮೆ ಆಗೈತ್ರಿ" ಎಂದಳಂತೆ. ನಾನು ಮಾಡಿದ್ದನ್ನು ಅವಳು ಯಾರಿಗೂ ಹೇಳಿಲ್ಲ. ಗುಟ್ಟು ಕಾಯಲು ಅವಳಿಗೆ ಯಾವ ಕಾಗದವೂ ಬೇಕಾಗಲಿಲ್ಲ.