ಅಜ್ಜಿ ಒಪ್ಪಿಸಿದ ಎಂಟು ಅಂಕಿ

ಬಿ.ಎ.ಯಲ್ಲಿ ಮನಶ್ಶಾಸ್ತ್ರ ತೆಗೆದುಕೊಂಡಾಗ, ಇನ್ನು ಎಲ್ಲರ ಮನಸ್ಸನ್ನೂ ಓದಿಬಿಡುತ್ತೇನೆಂದು ಜಂಬ ಕೊಚ್ಚಿಕೊಂಡಿದ್ದೆ. ಪ್ರಾಕ್ಟಿಕಲ್ಸಿನಲ್ಲಿ ಮೇಡಂ ಮೊದಲು ಕಲಿಸಿದ್ದು ನಮ್ಮ ಮುಖವನ್ನು ಯಾರೂ ಓದದಂತೆ ಇಟ್ಟುಕೊಳ್ಳುವುದನ್ನು. "ಉತ್ತರ ಸರಿಯಿದ್ರೂ ತಲೆ ಆಡಿಸ್ಬೇಡಿ, ತಪ್ಪಿದ್ರೂ ಅಯ್ಯೋ ಅನ್ಬೇಡಿ. ಗೋಡೆ ಥರ ಕೂತ್ಕೊಳ್ಳಿ." ಚಾಮರಾಜಪೇಟೆಯ ತುಂಬಿದ ಮನೆಯಲ್ಲಿ ಬೆಳೆದ ನನಗೆ ಅದೇ ದೊಡ್ಡ ತಪಸ್ಸಾಯಿತು.

ನೆನಪಿನ ಪರೀಕ್ಷೆಗೆ ಮನೆಯವರೊಬ್ಬರನ್ನು ಕೂರಿಸಬೇಕಿತ್ತು. ನಾನು ಅಂಕಿಗಳನ್ನು ಓದುವುದು, ಅವರು ಹಾಗೇ ಒಪ್ಪಿಸುವುದು. ಅಪ್ಪನ ತಾಯಿ, ನಮ್ಮಜ್ಜಿ, ತಾನಾಗಿಯೇ ಬಂದಳು. ಅದಕ್ಕೆ ಕಾರಣವಿತ್ತು. ಹಿಂದಿನ ವಾರ ಗಾಂಧಿ ಬಜಾರಿಗೆ ಹೂವು ತರಲು ಹೋದವಳು ಎರಡು ಗಂಟೆ ತಡವಾಗಿ ಬಂದಿದ್ದಳು. ಗೆಳತಿಯ ಮನೇಲಿ ಕೂತಿದ್ದೆ ಅಂದರೂ ಅಪ್ಪ ನಂಬಲಿಲ್ಲ. ಮರೆವು ಶುರುವಾಗಿದೆ, ಇನ್ನು ಒಬ್ಬಳನ್ನೇ ಆಚೆ ಬಿಡಬಾರದೆಂಬ ಮಾತು ನಡೆದಿತ್ತು.

"ನಿಮ್ಮ ಕಾಲೇಜಿನ ಪರೀಕ್ಷೆ ತಾನೇ? ಮಾಡು. ನಿಮ್ಮಪ್ಪನಿಗೆ ತೋರಿಸ್ತೀನಿ" ಎಂದು ಸೆರಗು ಸರಿಮಾಡಿಕೊಂಡು ಕೂತಳು.

ಏಳು, ನಾಲ್ಕು, ಒಂಬತ್ತು, ಎರಡು, ಆರು, ಒಂದು, ಎಂಟು, ಮೂರು. ನಾನು ಓದಿದ ಎಂಟು ಅಂಕಿಯನ್ನೂ ಪಟಪಟನೆ ಒಪ್ಪಿಸಿದಳು. ಕ್ಲಾಸಿನಲ್ಲಿ ನನಗೇ ಆರು ದಾಟಿರಲಿಲ್ಲ!

"ಸರೀನೇನೋ?" ಅಂದಳು. ನಾನು ಗೋಡೆ.

ರೆಕಾರ್ಡ್ ನೋಡಿ ಮೇಡಂ ಹುಬ್ಬು ಗಂಟಿಕ್ಕಿದರು. "ಈ ವಯಸ್ಸಿಗೆ ಎಂಟಾ? ಪುಸ್ತಕದಲ್ಲಿ ಹೀಗಿಲ್ವಲ್ಲ. ಸರಿಯಾಗಿ ಮಾಡ್ಕೊಂಡು ಬಾ." ಹಾಗೆಂದರೇನೆಂದು ಸೀನಿಯರ್ ಒಬ್ಬ ಬಿಡಿಸಿ ಹೇಳಿದ: "ಪುಸ್ತಕ ನೋಡಿ ಬರಿ ಗುರು, ಮನುಷ್ಯರನ್ನ ನೋಡ್ಬೇಡ." ಎಂಟನ್ನು ರಬ್ಬರಿನಿಂದ ಅಳಿಸಿ ನಾಲ್ಕು ಮಾಡಿದೆ. ವಯಸ್ಸಿಗೆ ತಕ್ಕ ಮರೆವು ಕಂಡುಬಂದಿದೆ ಎಂದು ಇಂಗ್ಲಿಷಿನಲ್ಲಿ ಷರಾ ಬರೆದೆ. ಮೇಡಂ ಕೆಂಪು ಇಂಕಿನಲ್ಲಿ ಸಹಿ ಹಾಕಿ ಹತ್ತಕ್ಕೆ ಒಂಬತ್ತು ಕೊಟ್ಟರು. ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಮರುದಿನ ಬಜಾರಿಗೆ ಹೊರಟಿದ್ದ ಅಜ್ಜಿಯನ್ನು ಅಪ್ಪ ಬಾಗಿಲಲ್ಲಿ ತಡೆದರು. ಇಂಗ್ಲಿಷ್ ಬಾರದ ಅಜ್ಜಿ ನೆಟ್ಟಗೆ ಹೋಗಿ, ನನ್ನ ಬ್ಯಾಗಿನಿಂದ ರೆಕಾರ್ಡ್ ತೆಗೆದು, "ತಗೋ, ಓದು" ಎಂದು ಅವರ ಕೈಗಿತ್ತಳು.

ಅಪ್ಪ ಓದಿದರು. "ಕಾಲೇಜಿನವರೇ ಸಹಿ ಹಾಕಿದಾರಲ್ಲಮ್ಮ, ನಿಂಗೆ ಮರೆವು ಅಂತ. ಇನ್ಮೇಲೆ ಒಬ್ಬಳೇ ಹೋಗೋದು ಬೇಡ."

ಅಜ್ಜಿ ಚೀಲ ಕೆಳಗಿಟ್ಟಳು. ನನ್ನ ಮುಖವನ್ನೇ ನೋಡುತ್ತ ಒಂದೊಂದಾಗಿ ಹೇಳಿದಳು: "ಏಳು, ನಾಲ್ಕು, ಒಂಬತ್ತು, ಎರಡು, ಆರು, ಒಂದು, ಎಂಟು, ಮೂರು."

"ಅಯ್ಯೋ, ಏನೇನೋ ಬಡಬಡಿಸ್ತಿದಾರಲ್ರೀ" ಎಂದು ಅಮ್ಮ ಕಣ್ಣೊರೆಸಿಕೊಂಡಳು.

ನಾಚಿಕೆಯಿಂದ ಸತ್ತೇಹೋದೆ. ಆದರೆ ತಲೆ ಆಡಿಸಲಿಲ್ಲ. ಅಷ್ಟು ಹೊತ್ತಿಗೆ ಚೆನ್ನಾಗಿ ಕಲಿತಿದ್ದೆ.