ಎರಡು ಗೇಟುಗಳ ನಡುವೆ

ಡಿಪೋದಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ಗಡಿಯಾರ ಎಂದು. ಇಪ್ಪತ್ತೆರಡು ವರ್ಷದಿಂದ ಒಂದೇ ಮಾರ್ಗದಲ್ಲಿ ಬಸ್ಸು ಓಡಿಸುತ್ತಿದ್ದ. ಬೆಳಿಗ್ಗೆ ಆರಕ್ಕೆ ಹೊರಟು, ಗಡಿ ದಾಟಿ, ಮಧ್ಯಾಹ್ನ ಎರಡಕ್ಕೆ ಆಚೆ ದೇಶದ ಊರು ಮುಟ್ಟುವುದು. ಮಾರನೆಯ ದಿನ ವಾಪಸು. ದಾರಿಯ ಅಂಗಡಿಯವರು ಅವನ ಬಸ್ಸು ನೋಡಿ ಷಟರ್ ಎತ್ತುತ್ತಿದ್ದರು. "ಗಡಿ ದಾಟ್ಸೋಕೇ ಹುಟ್ಟಿರೋ ಗಡಿಯಾರ ಕಣ್ರೋ ಇದು, ಕೀ ಕೊಡೋದೂ ಬೇಡ" ಎಂದು ಡಿಪೋದ ಮೆಕ್ಯಾನಿಕ್ ಹೊಸಬರಿಗೆಲ್ಲ ಹೇಳಿ ನಗಿಸುತ್ತಿದ್ದ. ಅವನಿಗೂ ಒಳಗೊಳಗೇ ಹೆಮ್ಮೆ.

ಸೋಂಕಿನ ಮೊದಲ ವರ್ಷ ಗಡಿ ಪೂರ್ತಿ ಮುಚ್ಚಿತ್ತು. ಮತ್ತೆ ತೆರೆದಾಗ ಬಸ್ಸಿಗಿಂತ ಉದ್ದದ ನಿಯಮಗಳ ಪಟ್ಟಿ ಬಂತು. ಎರಡು ಡೋಸ್ ಲಸಿಕೆ ಆಗಿರಬೇಕು, ಎರಡನೆಯ ಡೋಸ್ ಆಗಿ ಹದಿನಾಲ್ಕು ದಿನ ಕಳೆದಿರಬೇಕು. ಕೈಯಲ್ಲಿ ನೆಗೆಟಿವ್ ಸರ್ಟಿಫಿಕೇಟ್ ಇರಬೇಕು. ಅದರ ಎಪ್ಪತ್ತೆರಡು ಗಂಟೆಯ ಆಯಸ್ಸು ಮೂಗಿನಿಂದ ಸ್ಯಾಂಪಲ್ ತೆಗೆದ ನಿಮಿಷದಿಂದಲೇ ಶುರು. ಆಚೆ ಗೇಟಿನ ಅಧಿಕಾರಿಯ ಕೈಗೆ ಕಾಗದ ಇಡುವ ನಿಮಿಷಕ್ಕೆ ಅದು ಮುಗಿದಿರಬಾರದು. ಬಸ್ಸು ಹತ್ತುವ ಮುಂಚೆ ಇದನ್ನೆಲ್ಲ ನೋಡುವುದು ಡ್ರೈವರನ ತಲೆಗೇ ಬಂತು. ಒಬ್ಬ ಭಾವಮೈದುನನ ಸರ್ಟಿಫಿಕೇಟ್ ತಂದು ತನ್ನದೇ ಎಂದು ಸಾಧಿಸಿದ. ಇನ್ನೊಂದು ದಿನ ಬಂದ ದಂಪತಿಯಲ್ಲಿ ಗಂಡನಿಗೆ ಹದಿನಾಲ್ಕು ದಿನ ಆಗಿತ್ತು, ಹೆಂಡತಿಗೆ ಹದಿಮೂರು. "ನೀವು ಹೋಗ್ಬನ್ನಿ, ನಾನು ನಾಲ್ಕು ದಿನ ಆರಾಮಾಗಿ ಮಲಗ್ತೀನಿ" ಎಂದು ಆಕೆ ಸೂಟ್‌ಕೇಸು ಇಳಿಸಿಕೊಂಡು ನಡೆದೇಬಿಟ್ಟಳು. ಬಸ್ಸಿಗೆ ಬಸ್ಸೇ ನಕ್ಕಿತು.

ಆ ಗುರುವಾರ ಮೊದಲು ಹತ್ತಿದವರು ನರ್ಸಮ್ಮ. ಅರವತ್ತು ದಾಟಿದ, ಸಣ್ಣ ಮೈಕಟ್ಟಿನ ಹೆಂಗಸು. ಕಾಗದಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಒಂದರ ಹಿಂದೊಂದು ಜೋಡಿಸಿಟ್ಟಿದ್ದರು. ಮೂವತ್ತೈದು ವರ್ಷ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರಂತೆ. ಮಗಳು ಗಡಿಯಾಚೆ, ತುಂಬು ಬಸುರಿ.

"ಸಾವಿರಾರು ಹೆರಿಗೆ ಮಾಡ್ಸಿದೀನಪ್ಪ. ನನ್ನ ಮಗಳದ್ದೊಂದಕ್ಕೆ ನಾನಿಲ್ದೇ ಇದ್ರೆ ಹೇಗೆ?" ಎಂದರು. ಆಮೇಲೆ ಸರ್ಟಿಫಿಕೇಟಿನ ಮೇಲೆ ಬೆರಳಿಟ್ಟು, "ಸೋಮವಾರ ಹತ್ತೂ ನಲವತ್ತಕ್ಕೆ ಸ್ಯಾಂಪಲ್ ಕೊಟ್ಟಿದ್ದು. ಆಚೆ ಗೇಟಿಗೆ ಹತ್ತಕ್ಕೆ ಮುಟ್ಟತ್ತಾ?" ಎಂದು ಕೇಳಿದರು.

"ಹತ್ತಕ್ಕೆ ಐದು ನಿಮಿಷ ಮುಂಚೇನೇ. ಬೇಕಿದ್ರೆ ಯಾರನ್ನಾದ್ರೂ ಕೇಳಿ."

ನರ್ಸಮ್ಮ ನಕ್ಕು ಮುಂದಿನ ಸೀಟಿನಲ್ಲಿ ಕೂತರು. ಒಳಕನ್ನಡಿಯಲ್ಲಿ ಅವರ ಬೂದು ಶಾಲು ಕಾಣುತ್ತಿತ್ತು.

ಹೊರಟು ನಲವತ್ತು ನಿಮಿಷವಾಗಿತ್ತು, ಅವನ ಜೇಬಿನಲ್ಲಿ ಫೋನು ನಡುಗಿತು. ಬಸ್ಸನ್ನು ಬದಿಗೆ ತೆಗೆದು ಕಿವಿಗಿಟ್ಟುಕೊಂಡ. ಸೋಂಕಾಗಿ ಎಂಟು ದಿನದಿಂದ ಅವನ ತಾಯಿ ಇದ್ದ ಆಸ್ಪತ್ರೆಯದು. "ನಿಮ್ಮ ತಾಯಿನ ಉಸಿರಾಟದ ಮೆಷಿನ್‌ಗೆ ಹಾಕ್ತಿದಾರೆ. ಕಿಟಕಿಯಿಂದ ಒಂದ್ಸಲ ನೋಡೋದಿದ್ರೆ ಈಗ್ಲೇ ಬನ್ನಿ. ಆಮೇಲೆ ಹೇಗೋ ಏನೋ."

ಆಸ್ಪತ್ರೆ ಅವನ ದಾರಿಯಲ್ಲೇ ಇತ್ತು, ಮುಂದಿನ ತಿರುವು ದಾಟಿದರೆ. ಇಪ್ಪತ್ತೆರಡು ವರ್ಷದಲ್ಲಿ ಸ್ವಂತ ಕೆಲಸಕ್ಕೆಂದು ಅವನು ಒಮ್ಮೆಯೂ ಬಸ್ಸು ನಿಲ್ಲಿಸಿರಲಿಲ್ಲ. ಕಾಂಪೌಂಡಿನ ಪಕ್ಕ ನಿಲ್ಲಿಸಿ, ಹಿಂದೆ ತಿರುಗಿ, "ಚಕ್ರ ಯಾಕೋ ಎಳೀತಿದೆ. ಹತ್ತು ನಿಮಿಷ, ಮೆಕ್ಯಾನಿಕ್ ಹತ್ರ ಕೇಳ್ಕೊಂಡು ಬರ್ತೀನಿ" ಎಂದ. ಸುಳ್ಳು ಸಲೀಸಾಗಿ ಬಂತು.

ಹತ್ತು ನಿಮಿಷ ಹಾಗೇ ಬೆಳೆಯಿತು. ಕಾವಲುಗಾರ ಒಂದು ಫಾರಂ ತುಂಬಿಸಿದ. ನೆಲಮಹಡಿಯ ಕಿಟಕಿಯ ಹತ್ತಿರ ಹೋದರೆ ಪರದೆ ಎಳೆದಿತ್ತು. ಯಾರೋ ಸರಿಸಿದರು, ಮಂಚ ಆಚೆ ಮುಖವಾಗಿತ್ತು, ಇನ್ಯಾರೋ ತಿರುಗಿಸಿದರು. ಅಮ್ಮನ ಮುಖ ಅವನ ಕಡೆ ಬಂದಾಗ ಗುರುತೇ ಹತ್ತಲಿಲ್ಲ. ಆಕೆ ಕೈ ಎತ್ತಿದರು, ಅಥವಾ ಎತ್ತಿದಂತೆ ಅವನಿಗೆ ಕಂಡಿತು. ಅವನು ಗಾಜಿನ ಈಚೆ ಕೈ ಮುಗಿದು ನಿಂತ. ಎಷ್ಟು ಹೊತ್ತು ಎಂದು ಆಮೇಲೆ ಲೆಕ್ಕ ಹಾಕಬೇಕಾಯಿತು. ಐವತ್ತೆರಡು ನಿಮಿಷ.

"ಹೀಗೇ ಹೋಗ್ಬಹುದಂತೆ" ಎನ್ನುತ್ತ ಬಸ್ಸು ಹತ್ತಿದ. ಯಾರೋ ಗೊಣಗಿದರು. ನರ್ಸಮ್ಮ ಫೈಲನ್ನು ಮಡಿಲಿಗೆ ತೆಗೆದುಕೊಂಡರು. ದಾರಿಯುದ್ದಕ್ಕೂ ಮೈಮೇಲೆ ಬಂದವನಂತೆ ಓಡಿಸಿದ. ಈಚೆ ಗೇಟಿನಲ್ಲಿ ಎಲ್ಲರಿಗೂ ನಿರ್ಗಮನದ ಮುದ್ರೆ ಬಿತ್ತು. ಅಲ್ಲಿಂದ ಆಚೆ ಗೇಟಿಗೆ ಅರ್ಧ ಮೈಲಿ. ಯಾವ ದೇಶಕ್ಕೂ ಸೇರದ, ಎರಡೂ ಕಡೆ ತಂತಿಬೇಲಿ ಹಾಕಿದ ಡಾಂಬರು ರಸ್ತೆ. ಆಚೆ ಗೇಟಿನ ಸಾಲಿನಲ್ಲಿ ನರ್ಸಮ್ಮ ಎಲ್ಲರಿಗಿಂತ ಮುಂದೆ ಓಡಿ ನಿಂತು ಫೈಲು ಇಟ್ಟಾಗ ಗೋಡೆಯ ಗಡಿಯಾರ ಹತ್ತೂ ಐವತ್ತೆರಡು ತೋರಿಸುತ್ತಿತ್ತು. ಗಾಜಿನ ಹಿಂದಿನ ಹುಡುಗಿ ಎರಡು ಸಲ ಲೆಕ್ಕ ಹಾಕಿ ತಲೆಯಾಡಿಸಿದಳು.

"ಹನ್ನೆರಡು ನಿಮಿಷ ಜಾಸ್ತಿ ಆಗಿದೆ ಆಂಟಿ. ಕಂಪ್ಯೂಟರೇ ತಗೊಳ್ತಿಲ್ಲ, ನಾನೇನು ಮಾಡ್ಲಿ?"

ವಾಪಸು ಹೋಗೋಣವೆಂದರೆ ಈಚೆ ದೇಶಕ್ಕೂ ಅದೇ ನಿಯಮ: ಒಮ್ಮೆ ಹೊರಟ ಮುದ್ರೆ ಬಿದ್ದ ಮೇಲೆ ಒಳಗೆ ಬರಲು ಹೊಸ ಪರೀಕ್ಷೆಯ ಕಾಗದ ಬೇಕು. ಪರೀಕ್ಷೆ ಮಾಡುವವರು ಆ ಅರ್ಧ ಮೈಲಿಯಲ್ಲಿ ಯಾರೂ ಇರಲಿಲ್ಲ. ಮಂಗಳವಾರಕ್ಕೊಮ್ಮೆ ಒಂದು ವ್ಯಾನು ಬರುತ್ತಂತೆ. ಅಲ್ಲಿಯವರೆಗೆ ಇರಲು ಒಂದು ತಗಡಿನ ಶೆಡ್ಡು. ಅದರಲ್ಲಿ ಆಗಲೇ ಏಳೆಂಟು ಜನ ಹೀಗೇ ಸಿಕ್ಕಿಕೊಂಡಿದ್ದರು.

ಬಸ್ಸು ಹೊರಡಬೇಕಿತ್ತು. ಅವನು ಚೀಲ ಇಳಿಸಿಕೊಟ್ಟು, "ಮಂಗಳವಾರ ಪರೀಕ್ಷೆ ಆಗ್ಬಿಡತ್ತೆ ಅಮ್ಮ" ಎಂದ. ನರ್ಸಮ್ಮ, "ಹೆರಿಗೆಗೆ ಇನ್ನೂ ಹತ್ತು ದಿನ ಇದೆ. ನೀನು ಹೋಗಪ್ಪ, ಉಳಿದವರ ಹೊತ್ತೂ ಮೀರತ್ತೆ" ಎಂದರು.

ಅಲ್ಲಿಂದ ದಿನಾ ಅವರನ್ನು ನೋಡುವುದಾಯಿತು; ಇವತ್ತು ಹೋಗುವಾಗ, ನಾಳೆ ಬರುವಾಗ. ಅಲ್ಲಿ ಬಸ್ಸು ನಿಲ್ಲಿಸುವಂತಿರಲಿಲ್ಲ. ಆದರೆ ಸಾಲು ಆಮೆಯಂತೆ ತೆವಳುತ್ತಿದ್ದುದರಿಂದ ಕಿಟಕಿಯಿಂದ ಕೈ ಚಾಚಿ ಬಿಸಿನೀರಿನ ಫ್ಲಾಸ್ಕು, ಬ್ರೆಡ್ಡು, ಒಮ್ಮೆ ಒಂದು ಹೊದಿಕೆ ಕೊಟ್ಟ. ನರ್ಸಮ್ಮ ಬಸ್ಸಿನ ಪಕ್ಕ ನಡೆಯುತ್ತ ಎರಡು ಮಾತಾಡುತ್ತಿದ್ದರು. ಶೆಡ್ಡಿನಲ್ಲಿ ಒಬ್ಬನ ಕಾಲುಹುಣ್ಣಿಗೆ ಪಟ್ಟಿ ಕಟ್ಟಿದ್ದು, ಒಬ್ಬ ಹೆಂಗಸು ಗೊರಕೆಯಲ್ಲೇ ತಗಡು ಅಲುಗಿಸುವುದು. ಪ್ರತಿದಿನ ತಪ್ಪದೆ ಕೇಳುತ್ತಿದ್ದರು: "ಮನೇಲೆಲ್ಲ ಹುಷಾರಾ?"

"ಹುಷಾರು ಅಮ್ಮ" ಎನ್ನುತ್ತಿದ್ದ. ಅದು ನಿಜವೂ ಆಗತೊಡಗಿತ್ತು. ಐದನೆಯ ದಿನ ಅವನ ತಾಯಿಯ ಮೆಷಿನ್ನು ತೆಗೆದರು. ಮಂಗಳವಾರ ಶೆಡ್ಡಿಗೆ ವ್ಯಾನು ಬರಲಿಲ್ಲ. ವ್ಯಾನಿನ ಸಿಬ್ಬಂದಿಗೇ ಸೋಂಕಾಗಿತ್ತು.

ಎಷ್ಟೋ ಸಲ ಬಾಯಿತುದಿಗೆ ಬಂತು. ಅವತ್ತು ಚಕ್ರಕ್ಕೆ ಏನೂ ಆಗಿರಲಿಲ್ಲ ಎಂದು ಹೇಳಿಬಿಡಬೇಕು ಎನ್ನುವಷ್ಟರಲ್ಲಿ ಹಿಂದಿನ ಲಾರಿ ಹಾರನ್ ಮಾಡುತ್ತಿತ್ತು. ಸಾಲು ನಾಲ್ಕು ಹೆಜ್ಜೆ ಮುಂದೆ ಸರಿಯುತ್ತಿತ್ತು. ಎರಡನೆಯ ವಾರ ವ್ಯಾನು ಬಂತು. ನರ್ಸಮ್ಮ ಸ್ಯಾಂಪಲ್ ಕೊಟ್ಟ ಸಂಗತಿಯನ್ನು ಖುಷಿಯಿಂದ ಹೇಳಿದರು. ಆ ದಿನ ಅವರ ದನಿ ಸ್ವಲ್ಪ ಒಡೆದಿತ್ತು.

ಮಾರನೆಯ ದಿನ ಶೆಡ್ಡಿನ ಬಾಗಿಲಲ್ಲಿ ಅವರಿರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಆಚೆ ಗೇಟಿನಲ್ಲಿ ಕೇಳಿದರೆ "ನಿಮ್ಮ ಕಡೆಯವರು ಕರ್ಕೊಂಡು ಹೋಗಿರ್ಬೇಕು" ಎಂದರು. ಈಚೆ ಗೇಟಿನಲ್ಲಿ "ಆ ಕಡೆ ಹೋದ್ರಂತಪ್ಪ. ನೀವೇನು ಅವರ ಸಂಬಂಧಿಕರಾ?" ಎಂದರು. ಅಲ್ಲ ಎಂದ. "ಹಾಗಾದ್ರೆ ಹೇಳೋ ಹಾಗಿಲ್ಲ."

ಆ ವಾರದ ಕೊನೆಗೆ ಅವನ ತಾಯಿ ಮನೆಗೆ ಬಂದರು. ನೋಡಲು ಬಂದವರಿಗೆಲ್ಲ ಒಂದೇ ಕಥೆ: "ಬಸ್ಸು ನಿಲ್ಲಿಸಿ ಬಂದ ನೋಡಿ ನನ್ನ ಮಗ! ಗಾಜಿನ ಆಚೆ ಇವನ ಮುಖ ನೋಡಿದ್ಮೇಲೇ ನಂಗೆ ಬದುಕ್ಬೇಕು ಅನ್ನಿಸಿದ್ದು." ಕಥೆ ಶುರುವಾದರೆ ಅವನು ಏನೋ ಕೆಲಸ ನೆನಪಾದವನಂತೆ ಎದ್ದು ಹೋಗುತ್ತಿದ್ದ. ವಿನಯ ಎಂದುಕೊಂಡರು ಎಲ್ಲರೂ.

ಎರಡು ವರ್ಷ ಹೀಗೇ ಹೋಯಿತು. ನಿಯಮಗಳು ಒಂದೊಂದಾಗಿ ಉದುರಿದವು. ಮೊದಲು ಪರೀಕ್ಷೆ, ಆಮೇಲೆ ಲಸಿಕೆಯ ಕಾಗದ, ಕೊನೆಗೆ ಮಾಸ್ಕು. ಶೆಡ್ಡನ್ನು ಕಿತ್ತರು; ನೆಲದಲ್ಲಿ ಕಂಬ ಹೂತಿದ್ದ ನಾಲ್ಕು ಗುಳಿ ಉಳಿದವು. ಆದರೂ ಅಲ್ಲಿಗೆ ಬಂದಾಗ ಅವನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು, ಕೈ ಗಾಜು ಇಳಿಸುತ್ತಿತ್ತು. ಒಳಕನ್ನಡಿಯಲ್ಲಿ ಮುಂದಿನ ಸೀಟಿನ ಮೂಲೆಯಲ್ಲಿ ಬೂದು ಬಣ್ಣದ್ದು ಏನೋ ಅಲುಗಿದಂತಾಗುತ್ತಿತ್ತು. ತಿರುಗಿದರೆ ಯಾರದೋ ಕೋಟು, ಯಾರದೋ ಚೀಲ. ಖಾಲಿ ಬಸ್ಸು ತೊಳೆಸುವಾಗ ಹಿಂದಿನಿಂದ ಒಂದು ಒಡೆದ ದನಿ "ಹತ್ತಕ್ಕೆ ಮುಟ್ಟತ್ತಾ?" ಎಂದು ಕೇಳಿದಂತಾಗಿ, ಒಮ್ಮೆ ಅವನು "ಮುಟ್ಟತ್ತೆ" ಎಂದು ಗಟ್ಟಿಯಾಗಿ ಉತ್ತರ ಕೊಟ್ಟುಬಿಟ್ಟ. ನೀರಿನ ಪೈಪು ಹಿಡಿದಿದ್ದವನು ಅವನ ಮುಖವನ್ನೇ ನೋಡಿದ.

ಒಂದು ದಿನ ಆಚೆಯ ಊರಿಂದ ಹೊರಡುವಾಗ ಪುಟ್ಟ ಹುಡುಗಿಯನ್ನು ಎತ್ತಿಕೊಂಡ ಒಬ್ಬ ಹೆಂಗಸು ಹತ್ತಿ ಮುಂದಿನ ಸೀಟಿನಲ್ಲಿ ಕೂತಳು. ಆಚೆ ಗೇಟು ದಾಟುತ್ತಿದ್ದಂತೆ ಎದ್ದು ಬಂದು ಅವನ ಪಕ್ಕದ ಕಂಬಿ ಹಿಡಿದು ನಿಂತಳು.

"ಇಲ್ಲಿ ಒಂದು ಶೆಡ್ ಇತ್ತಂತೆ. ಎಲ್ಲಿ ಅಂತ ಹೇಳ್ತೀರಾ?"

ಅವನಿಗೆ ಅವಳ ಮುಖ ನೋಡಬೇಕಾಗಲಿಲ್ಲ. ನರ್ಸಮ್ಮನ ಮಗಳೆಂದು ದನಿಯಲ್ಲೇ ಗೊತ್ತಾಯಿತು. ಬಸ್ಸು ನಿಧಾನವಾಯಿತು. ಗುಳಿಗಳ ಕಡೆ ಕೈ ತೋರಿಸಿದ. ಅವಳು ನೋಡಿದಳು, ಮಗುವಿಗೂ ತೋರಿಸಿದಳು. ಮಗು "ಎಲ್ಲಿ? ಏನೂ ಇಲ್ಲ" ಎಂದಿತು.

ಈಚೆ ಗೇಟು ದಾಟಿದ ಮೇಲೆ ಚಹಾಕ್ಕೆಂದು ಬಸ್ಸು ನಿಂತಾಗ ಅವಳೇ ಹೇಳಿದಳು. ಶೆಡ್ಡಿನಲ್ಲೇ ಅಮ್ಮನಿಗೆ ಸೋಂಕು ತಗುಲಿತ್ತು. ಪರೀಕ್ಷೆ ಪಾಸಿಟಿವ್ ಬಂದ ದಿನ ಆಂಬುಲೆನ್ಸಿನಲ್ಲಿ ಈಚೆ ದೇಶದ ವಾರ್ಡಿಗೆ ಒಯ್ದರು. ನಾಲ್ಕನೇ ದಿನ ಹೋಗಿಬಿಟ್ಟರು. ಅದೇ ದಿನ ಬೆಳಿಗ್ಗೆ ಈ ಮಗು ಹುಟ್ಟಿತ್ತು. ಸುದ್ದಿ ಅಮ್ಮನಿಗೆ ತಲುಪಿತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ.

ಅವನು ಲೋಟ ಕೆಳಗಿಟ್ಟ. "ನಿಮಗೊಂದು ಮಾತು ಹೇಳ್ಬೇಕು. ಅವತ್ತು ಬಸ್ಸು ತಡ ಆಗಿದ್ದು ಚಕ್ರದಿಂದ ಅಲ್ಲ. ನಮ್ಮಮ್ಮ ಆಸ್ಪತ್ರೇಲಿದ್ರು..."

"ಗೊತ್ತು" ಎಂದಳು.

"ಅಮ್ಮ ಅವತ್ತೇ ಫೋನ್ ಮಾಡಿ ಹೇಳಿದ್ರು. ಅವರ ಸೀಟಿಂದ ಆ ಕಿಟಕಿ ಕಾಣ್ತಿತ್ತಂತೆ. 'ಡ್ರೈವರ್ ಪಾಪ ಕೈ ಮುಗ್ದು ನಿಂತಿದಾನೆ. ವಾಚ್ ನೋಡ್ತಾನೇ ಇದ್ದೆ. ಇಳಿದು ಹೋಗಿ ಹೊತ್ತಾಯ್ತು ಅಂತ ಕರೀಬಹುದಿತ್ತು, ಕಾಲೇ ಏಳ್ಲಿಲ್ಲ' ಅಂದ್ರು." ಅವಳ ದನಿ ಗಡುಸಾಯಿತು. "ನಂಗೆ ಸಿಟ್ಟು ಬಂದಿದ್ದು ನಿಮ್ಮ ಮೇಲಲ್ಲ. ಅಮ್ಮನ ಮೇಲೆ. ಒಂದು ಸಲ ಕರೆದಿದ್ರೆ ಏನಾಗ್ತಿತ್ತು? ಮಗಳಿಗಿಂತ ಹೆಚ್ಚಾ ಯಾರೋ ಗೊತ್ತಿಲ್ದೋರು? ಒಂದು ವರ್ಷ ಅವರ ಫೋಟೊ ಗೋಡೆಗೆ ಹಾಕ್ಲಿಲ್ಲ ನಾನು."

ಮಗುವನ್ನು ಇನ್ನೊಂದು ತೋಳಿಗೆ ಬದಲಿಸಿ ಕೇಳಿದಳು:

"ನಿಮ್ಮ ತಾಯಿ?"

"ಇದಾರೆ. ಚೆನ್ನಾಗಿದಾರೆ."

ಅವಳು ತಲೆಯಾಡಿಸಿ, ಮಗುವಿನ ಬಾಯಿ ಒರೆಸಿ, "ಫ್ಲಾಸ್ಕ್ ವಿಷಯಾನೂ ಹೇಳಿದ್ರು" ಎಂದಷ್ಟೇ ಹೇಳಿ ಬಸ್ಸು ಹತ್ತಿದಳು.

ಅವತ್ತಿನಿಂದ ಅವನಿಗೆ ಹೊಸ ಕಾಟ ಶುರುವಾಯಿತು. ಇಷ್ಟು ದಿನ ನರ್ಸಮ್ಮ ಏನೂ ತಿಳಿಯದವರೆಂದು ಅವರ ನಗುವನ್ನು ಹೇಗೋ ಸಹಿಸಿಕೊಂಡಿದ್ದ. ಈಗ ಆ ಹದಿಮೂರು ದಿನವನ್ನು ಮೊದಲಿಂದ ನೋಡಬೇಕಾಯಿತು. ದಿನಾ ಅವರು ಮನೆಯವರೆಲ್ಲರ ಕ್ಷೇಮ ಕೇಳಿದ್ದಲ್ಲ, ಕಿಟಕಿಯೊಳಗಿದ್ದ ಒಬ್ಬರದನ್ನು ಕೇಳಿದ್ದು. ಅವನ ಬಾಯಲ್ಲಿ ಸುಳ್ಳು ತಿರುಗುತ್ತಿದ್ದುದನ್ನು ನೋಡುತ್ತಲೇ ಬಸ್ಸಿನ ಪಕ್ಕ ನಡೆದಿದ್ದರು. ಬೈದಿದ್ದರೆ, ಮುಖ ತಿರುಗಿಸಿದ್ದರೆ ಅವನಿಗೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು.

ತಡೆಯಲಾರದೆ ಊರೊಳಗಿನ ಬಸ್ಸಿಗೆ ವರ್ಗ ಕೇಳಿದ. ಮ್ಯಾನೇಜರಿಗೆ ಆಶ್ಚರ್ಯ, ಆದರೂ ಕೊಟ್ಟರು. ಮೂರೇ ವಾರ. ಊರೊಳಗೆ ನಿಲ್ದಾಣಕ್ಕೊಂದರಂತೆ ಬೂದು ಶಾಲು ನಿಂತಿರುತ್ತಿತ್ತು; ಯಾವ ತಿರುವಿನಲ್ಲಿ ಯಾವಾಗ ಎದುರಾಗುತ್ತದೋ ಹೇಳುವಂತಿರಲಿಲ್ಲ. ಹಳೆಯ ಮಾರ್ಗವೇ ಬೇಕೆಂದು ಮತ್ತೆ ಹೋಗಿ ನಿಂತ.

"ಯಾಕಯ್ಯಾ, ಏನಾಯ್ತು ನಿಂಗೆ?" ಎಂದು ಮ್ಯಾನೇಜರು ಕೇಳಿದರು.

"ಅಲ್ಲಾದ್ರೆ ಅವರು ಎಲ್ಲಿರ್ತಾರೆ ಅಂತ ಗೊತ್ತಿರತ್ತೆ ಸರ್" ಎಂದ.

ಯಾರು ಎಂದು ಮ್ಯಾನೇಜರು ಕೇಳಲಿಲ್ಲ. ಡ್ಯೂಟಿ ಚೀಟಿ ಬರೆದು ಕೊಟ್ಟರು. ಅವನು ಮಾರನೆಯ ದಿನದಿಂದಲೇ ಹೋದ.