ಗಿರಣಿಯಕ್ಕನ ಕರಿ ಬಟ್ಟೆ

"ಅಮ್ಮಾ, ಗಿರಣಿ ಆಂಟಿ ಒಣಗಿರೋ ಬಟ್ಟೇನ ಮತ್ತೆ ಯಾಕೆ ಬಿಸಿಲಿಗೆ ಹಿಡೀತಾರೆ?"

ಮಹಡಿ ಮನೆಯ ಕಂಬಿಗೆ ಗಲ್ಲ ಆನಿಸಿ ನಿಂತಿದ್ದ ಐದು ವರ್ಷದ ಹುಡುಗಿ ಕೇಳಿದ್ದು ಕೆಳಗಿನ ಅಂಗಳಕ್ಕೂ ಕೇಳಿಸಿತು. "ಹಾಗೆಲ್ಲ ಬಗ್ಗಿ ನೋಡ್ಬಾರ್ದು" ಎಂದು ತಾಯಿ ಮಗಳನ್ನು ಒಳಗೆ ಎಳೆದುಕೊಂಡದ್ದೂ ಕೇಳಿಸಿತು. ಕರಿ ಬಟ್ಟೆಯನ್ನು ಮೂಗಿನ ತುದಿಗೆ ತಂದು ನೋಡುತ್ತಿದ್ದ ಗಿರಣಿಯಕ್ಕ ತನ್ನಷ್ಟಕ್ಕೇ ನಕ್ಕಳು. ಹೇಳಹೊರಟರೆ ಅದು ಎರಡು ತಿಂಗಳ ಕಥೆ.

ಹದಿನಾಲ್ಕು ವರ್ಷದಿಂದ ಆ ಬೀದಿಯ ಗೋಧಿ, ಅಕ್ಕಿ ಎಲ್ಲ ಹಿಟ್ಟಾಗುವುದು ಅವಳ ಕೈಯಲ್ಲೇ. ಹಿಟ್ಟನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿದರೆ ಸಾಕು, ಬೀಸುಕಲ್ಲು ಬಿಗಿ ಮಾಡಬೇಕೋ ಸಡಿಲಿಸಬೇಕೋ ತಿಳಿಯುತ್ತದೆ. ಯಾವ ಡಬ್ಬಿ ಯಾರ ಮನೆಯದೆಂದು ಕಣ್ಣುಮುಚ್ಚಿ ಹೇಳುತ್ತಾಳೆ. ಡಬ್ಬಿಯ ಒಡತಿಯ ಮುಖವೇ ಕೆಲವೊಮ್ಮೆ ಮರೆತುಹೋಗುತ್ತದೆ. ಸಂಜೆಯ ಹೊತ್ತಿಗೆ ಕೂದಲು, ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿರುತ್ತವೆ. "ಬಾರೇ ನನ್ನ ಓರಗೆಯವಳೇ" ಎಂದು ಅತ್ತೆ ಚುಡಾಯಿಸುತ್ತಾರೆ.

ಮಗಳಿಗೆ ಎಂಟು ವರ್ಷ. ಕಾಳಿನಷ್ಟು ಗಾತ್ರ, ಮಾತು ಮಾತ್ರ ಖಾರ. ಹಾಗಾಗಿ ಎಲ್ಲರಿಗೂ ಅವಳು ಮೆಣಸು. ಎರಡು ತಿಂಗಳ ಹಿಂದೆ ಮೆಣಸಿನ ಎರಡೂ ಕಿಡ್ನಿ ಕೈಕೊಟ್ಟವು. ಅಂದಿನಿಂದ ವಾರಕ್ಕೆ ಮೂರು ದಿನ ಎರಡು ಬಸ್ಸು ಬದಲಿಸಿ ಆಸ್ಪತ್ರೆ. ಕತ್ತಿನ ಕೆಳಗಿನ ನಳಿಗೆಯಿಂದ ರಕ್ತ ಯಂತ್ರಕ್ಕೆ ಹೋಗಿ ಶುದ್ಧವಾಗಿ ಬರುವಷ್ಟರಲ್ಲಿ ನಾಲ್ಕು ಗಂಟೆ. ಮನೆಗೆ ಬಂದ ಮಗು ಹಿಂಡಿ ಹಾಕಿದ ಬಟ್ಟೆಯ ಹಾಗೆ ಮಲಗುತ್ತಿತ್ತು. ಶಾಲೆ ಅರ್ಧಕ್ಕರ್ಧ ತಪ್ಪಿತು.

ಬೇರೆ ಕಿಡ್ನಿ ಕೂಡಿಸುವವರೆಗೆ ಎರಡು ದಾರಿ ಇವೆ ಎಂದರು ಡಾಕ್ಟರಮ್ಮ. ಆಸ್ಪತ್ರೆಗೇ ಬರುತ್ತಿರುವುದು ಒಂದು. ಹೊಟ್ಟೆಗೆ ನಳಿಗೆ ಇಟ್ಟು, ಮಗು ಮಲಗಿರುವಾಗ ಮನೆಯಲ್ಲೇ ಯಂತ್ರದಿಂದ ಔಷಧದ ನೀರು ತುಂಬಿಸಿ ತೆಗೆಯುವುದು ಇನ್ನೊಂದು. ಮೈಯೊಳಗಿನ ಕಸ ಆ ನೀರಿನ ಜೊತೆ ಹೊರಗೆ ಬರುತ್ತದೆ.

"ಮನೇಲಾದ್ರೆ ಹಗಲೆಲ್ಲ ಸ್ಕೂಲು, ಆಟ. ಆದ್ರೆ ಒಂದು ರಾತ್ರಿನೂ ತಪ್ಪಿಸೋ ಹಾಗಿಲ್ಲ. ನಳಿಗೆ ಜೋಡಿಸುವಾಗ ಕೊಳೆ ಸೇರಿದ್ರೆ ಹೊಟ್ಟೆ ಒಳಗೆ ಸೋಂಕಾಗುತ್ತೆ."

"ಆ ಮಿಷನ್ ಸದ್ದು ಮಾಡುತ್ತಾ?" ಮೆಣಸು ಕೇಳಿದಳು.

"ಸ್ವಲ್ಪ ಗುಂಯ್ ಅನ್ನುತ್ತೆ."

"ನಮ್ಮ ಗಿರಣಿಗಿಂತ ಜೋರಾ?"

ಡಾಕ್ಟರಮ್ಮ ನಕ್ಕು ಇಲ್ಲವೆಂದರು. "ಹಾಗಾದ್ರೆ ನಂಗೆ ಅದೇ ಇರ್ಲಿ" ಎಂದಳು ಮೆಣಸು, ತರಕಾರಿ ಆರಿಸಿದವಳ ಹಾಗೆ.

ಗಿರಣಿ ಎಂದದ್ದೇ ಪಕ್ಕದಲ್ಲಿದ್ದ ನರ್ಸಿನ ಪೆನ್ನು ನಿಂತಿತು. ಮುಂದೆ ಗಿರಣಿ, ಹಿಂದೆ ಮನೆ ಎಂದು ತಿಳಿದ ಮೇಲಂತೂ ಮುಖ ಸಣ್ಣದಾಯಿತು. "ಹಿಟ್ಟಿನ ಧೂಳಲ್ಲಿ ಕಷ್ಟ ಅಕ್ಕ. ಹದಿನೈದು ದಿನ ಬಿಟ್ಟು ಬಂದು ಕೋಣೆ ನೋಡ್ತೀನಿ. ಆಮೇಲೇ ಮಾತು."

ಮನೆಯಲ್ಲಿ ಅತ್ತೆ, "ಆಸ್ಪತ್ರೇನೇ ಇರ್ಲಿ ಕಣೆ. ಅಲ್ಲಿ ಓದಿದವರಿದಾರೆ. ನಿನಗೆ ಗಿರಣಿ ಸ್ವಿಚ್ಚು ಬಿಟ್ರೆ ಏನು ಗೊತ್ತು?" ಎಂದರು.

"ಆ ಸ್ವಿಚ್ಚಿಂದಲೇ ಅಲ್ವಾ ಅತ್ತೆ ಒಲೆ ಉರೀತಿರೋದು."

ಗಂಡ ಲಾರಿ ಓಡಿಸುವವನು, ವಾರಕ್ಕೆ ಎರಡು ದಿನ ಮನೆ. ಫೋನಿನಲ್ಲಿ "ನೀನು ಹೇಗೆ ಹೇಳಿದ್ರೆ ಹಾಗೆ" ಎಂದ. "ಎಲ್ಲಾ ನನ್ನ ತಲೆಗೇ ಕಟ್ಟು" ಎಂದು ಇವಳು ಫೋನು ಇಟ್ಟಳು. ಗಿರಣಿ ಮುಚ್ಚುವ ಹಾಗಿಲ್ಲ. ಮಗಳ ಹಗಲುಗಳನ್ನು ಬಿಟ್ಟುಕೊಡುವುದಕ್ಕೂ ಮನಸ್ಸಿಲ್ಲ.

ಕೋಣೆಗೆ ಹಿಟ್ಟು ಎಷ್ಟು ಬೀಳುತ್ತದೆಂದು ನರ್ಸು ಬರುವ ಮೊದಲೇ ತಾನೇ ಪರೀಕ್ಷೆ ಮಾಡಬೇಕೆನಿಸಿ, ಹಳೆಯ ಕೊಡೆಯ ಕರಿ ಬಟ್ಟೆ ಬಿಚ್ಚಿ ಮಗಳ ಮಂಚದ ಮೇಲೆ ಹಾಸಿದಳು. ಮೊದಲ ದಿನ ಸಂಜೆ ಬಟ್ಟೆ ಕರ್ರಗೇ ಇತ್ತು. ಕುಣಿಯುವುದೊಂದೇ ಬಾಕಿ.

"ಅಮ್ಮಾ, ಇವತ್ತು ಗಿರಣಿಗೆ ರಜ ಅಲ್ವಾ?" ಎಂದಳು ಮೆಣಸು.

ಮರುದಿನ ಗಿರಣಿ ಓಡಿತು. ಸಂಜೆ ಆ ಬಟ್ಟೆಯ ಮೇಲೆ ಮೆಣಸು ಬೆರಳಲ್ಲಿ ಬೆಕ್ಕಿನ ಚಿತ್ರ ಬರೆದಳು, ಮೀಸೆಯೂ ಸ್ಪಷ್ಟವಾಗಿ ಕಂಡಿತು.

ಅಂಗಳದ ಆಚೆ ಕಾಳಿನ ಮೂಟೆಗಳ ಕೋಣೆ ಇತ್ತು. ಅದರ ಬಾಗಿಲು ಗಿರಣಿಗೆ ಬೆನ್ನು ಹಾಕಿತ್ತು. ಮೂಟೆ ಇಲ್ಲಿಗೆ, ಮಂಚ ಅಲ್ಲಿಗೆ ಎಂದು ಅವಳು ತೀರ್ಮಾನಿಸಿದಳು. ಗಂಡ ಮನೆಯಲ್ಲಿದ್ದ ಎರಡು ದಿನ ಇಬ್ಬರೂ ಮೂವತ್ತೆರಡು ಮೂಟೆ ಹೊತ್ತರು. ಇಲಿಬಿಲಕ್ಕೆ ಸಿಮೆಂಟು ಬಿತ್ತು, ಗೋಡೆ ಬಣ್ಣ ಕಂಡಿತು, ಬಾಗಿಲ ಪಕ್ಕ ಕೈತೊಳೆಯುವ ನಲ್ಲಿ ಬಂತು. ಅಷ್ಟಾದರೂ ಮೊದಲ ಸಂಜೆ ಬಟ್ಟೆಯ ಒಂದು ಅಂಚು ಬೆಳ್ಳಗಾಗಿತ್ತು. ಕಿಟಕಿ ನೋಡಿದಳು, ಸೂರು ನೋಡಿದಳು, ಎಲ್ಲೂ ಸಂದಿಲ್ಲ. ಕೊನೆಗೆ ಹೊಳೆಯಿತು: ಮಧ್ಯಾಹ್ನ ಬಟ್ಟೆ ನೋಡಲು ಕೆಲಸದ ಸೀರೆಯಲ್ಲೇ ಬಂದು ಮಂಚದ ಆ ತುದಿಯಲ್ಲಿ ಕೂತದ್ದು ತಾನೇ. ಅಂದಿನಿಂದ ತಲೆಗೆ ಸ್ನಾನ ಮಾಡದೆ, ಸೀರೆ ಬದಲಿಸದೆ ಆ ಹೊಸ್ತಿಲು ದಾಟಿಲ್ಲ. "ಮದುವೇಲೂ ಇಷ್ಟು ಮೈ ಉಜ್ಜಿಕೊಂಡಿರ್ಲಿಲ್ಲ ನೀನು" ಎಂದರು ಅತ್ತೆ. ಬಿಸಿನೀರು ಕಾಯಿಸಿಟ್ಟವರೂ ಅವರೇ.

ಮಹಡಿಯ ಹುಡುಗಿ ಕಂಡದ್ದು ಹೊಸ ಕೋಣೆಯ ಐದನೆಯ ದಿನದ ಪರೀಕ್ಷೆ. ಬಿಸಿಲಿಗೆ ಹಿಡಿದರೂ ಬಟ್ಟೆಯಲ್ಲಿ ಒಂದು ಚುಕ್ಕೆ ಬಿಳಿ ಇರಲಿಲ್ಲ.

ಮರುದಿನ ನರ್ಸು ಬಂದಳು. ಬಾಗಿಲ ಚೌಕಟ್ಟಿನ ಮೇಲೆ ಬೆರಳಾಡಿಸಿದಳು, ಮಂಚದ ಕೆಳಗೆ ಬಗ್ಗಿದಳು, ಗಿರಣಿ ಓಡಿಸಲು ಹೇಳಿ ಒಂದು ಗಂಟೆ ಅಲ್ಲೇ ಕೂತಳು. ಔಷಧದ ನೀರಿನ ಪೆಟ್ಟಿಗೆಗಳು ಭಾರ ಇರುತ್ತವೆ ಎಂದಾಗ ಗಿರಣಿಯಕ್ಕ ಹಳೆಯ ಕೋಣೆಗೆ ತಾನೇ ಹೊತ್ತು ಹಾಕಿದ್ದ ಮೂಟೆಗಳತ್ತ ಕೈ ತೋರಿಸಿದಳು. "ಆಗ್ಲಿ ಅಕ್ಕ, ಮನೆಯಲ್ಲೇ ಮಾಡೋಣ. ಹತ್ತು ದಿನ ಕಲಿಸ್ತೀವಿ. ಆದ್ರೆ ನಿಮ್ಮ ಜೊತೆ ಇನ್ನೊಬ್ಬರು ಕಲೀಲೇಬೇಕು." ಅತ್ತೆ ಮುಪ್ಪಿಗೆ ನಡುಗುವ ತಮ್ಮ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡರು. ಗಂಡ ಊರಲ್ಲಿರುವುದೇ ಎರಡು ದಿನ.

ಸಂಜೆ ಗಿರಣಿಯಕ್ಕ ಮಿಂದು ಮೆಟ್ಟಿಲು ಹತ್ತಿದಳು. ಮಹಡಿಯಾಕೆ ಮಗಳಿಗೆ ಊಟ ಮಾಡಿಸುತ್ತಿದ್ದಳು. ಒಳಗೆ ಕರೆದರೂ ಗಿರಣಿಯಕ್ಕ ಬಾಗಿಲಲ್ಲೇ ನಿಂತಳು.

"ನಿಮಗೂ ಸಣ್ಣ ಮಗು ಇದೆ, ಆಗಲ್ಲ ಅಂದ್ರೆ ಬೇಜಾರಿಲ್ಲ. ನನಗೇ ಜ್ವರ ಬಂದು ಮಲಗಿದ ದಿನ ಮೆಣಸಿಗೆ ನಳಿಗೆ ಜೋಡಿಸೋರು ಒಬ್ಬರು ಬೇಕು. ನಿಮ್ಮದು ಅವಸರ ಇಲ್ಲದ ಕೈ, ನೋಡಿದೀನಿ. ನನ್ನ ಜೊತೆ ಹತ್ತು ದಿನ ಬಂದು ಕಲೀತೀರಾ?"